ಶೇಕ್ ಕುಡಿಯುವ ಮುನ್ನ ಮಾತ್ರೆಯ ಡಬ್ಬಿ ತೆರೆದು ನೋಡಿ

ದಾವಣಗೆರೆಯಲ್ಲಿ ಬೆಳಗಿನ ವಾಕಿಂಗಿಗೆ ಹೋಗುವವರಿಗೆ ಈ ಚೀಟಿ ಹೊಸದಲ್ಲ. ಕುಂದುವಾಡ ಕೆರೆಯ ಏರಿಯ ಮೇಲೋ ಬಡಾವಣೆಯ ಪಾರ್ಕಿನ ಗೇಟಿನ ಹತ್ತಿರವೋ ನಗುಮುಖದ ಒಬ್ಬರು ನಿಂತು ಕೈಗೆ ತುರುಕುತ್ತಾರೆ. ‘ಉಚಿತ ದೇಹ ತಪಾಸಣೆ. ವ್ಯಾಯಾಮ ಬೇಡ, ಪಥ್ಯ ಬೇಡ. ತೂಕ ಇಳಿಯುವುದು ಖಚಿತ.’ ಇಂಥದೊಂದು ಚೀಟಿ ಹಿಡಿದು ಹೋದ ನನ್ನ ಅತ್ತಿಗೆ ಕೊನೆಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೈಗೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಬೇಕಾಯಿತು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಯವಿಟ್ಟು ಪೂರ್ತಿ ಓದಿ.

ಚೀಟಿ ಹಂಚಿದ ಕೇಂದ್ರವೆಂದರೆ, ತೂಕ ಇಳಿಸಲೆಂದು ಊಟದ ಬದಲು ಕಲಸಿ ಕುಡಿಯುವ ಪುಡಿಯನ್ನು, ಅಂದರೆ ‘ಶೇಕ್’ ಅನ್ನು, ಮಾರುವ ಒಂದು ಬಾಡಿಗೆ ಮನೆಯ ಹಜಾರ. ಗೋಡೆಯ ತುಂಬ ‘ಮೊದಲು’ ಮತ್ತು ‘ನಂತರ’ದ ಫೋಟೊಗಳು, ಒಳಗೆ ಮಿಕ್ಸಿಯ ಸದ್ದು, ಬಾಗಿಲ ಪಕ್ಕ ಒಂದು ತೂಕದ ಯಂತ್ರ. ಬರಿಗಾಲಲ್ಲಿ ನಿಂತರೆ ತೂಕದ ಜೊತೆ ಕೊಬ್ಬಿನ ಶೇಕಡಾವಾರು ಪ್ರಮಾಣ, ಸ್ನಾಯುವಿನ ಪ್ರಮಾಣ, ಕಡೆಗೆ ‘ದೇಹದ ವಯಸ್ಸು’ ಎಲ್ಲವನ್ನೂ ಅದು ಹೇಳುತ್ತದೆ. ಐವತ್ತೆರಡರ ಅತ್ತಿಗೆಗೆ ಅದು ಅರವತ್ತೇಳು ಎಂದು ತೋರಿಸಿತಂತೆ. ಕೇಳಿದ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ? ಆ ಯಂತ್ರ ಪಾದದ ಮೂಲಕ ಬಹಳ ಸಣ್ಣ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎದುರಾಗುವ ತಡೆಯನ್ನು ಅಳೆದು, ಉಳಿದದ್ದನ್ನೆಲ್ಲ ಸೂತ್ರ ಹಾಕಿ ಅಂದಾಜಿಸುತ್ತದೆ. ನೀರು ಕುಡಿದು ನಿಂತಾಗ ಒಂದು ಸಂಖ್ಯೆ, ಬೆವರಿ ಬಂದು ನಿಂತಾಗ ಇನ್ನೊಂದು. ಹೆದರಿಸಲು ಮಾತ್ರ ಬಹಳ ಉಪಯುಕ್ತ.

ಅವರು ತುಂಬಿಸಿಕೊಂಡ ಅರ್ಜಿಯನ್ನು ಆಮೇಲೆ ನಾನು ನೋಡಿದೆ. ಹೆಸರು, ಎತ್ತರ, ಸೊಂಟದ ಸುತ್ತಳತೆ, ‘ನಿಮ್ಮ ಗುರಿ’. ಅದರ ಕೆಳಗೆ ಗೆಳತಿಯರ ಮತ್ತು ಬಂಧುಗಳ ಮೊಬೈಲ್ ಸಂಖ್ಯೆ ಬರೆಯಲು ಹತ್ತು ಗೆರೆಗಳು. ಯಾವ ಕಾಯಿಲೆ ಇದೆ, ಯಾವ ಮಾತ್ರೆ ನುಂಗುತ್ತೀರಿ ಎಂದು ಬರೆಯಲು ಒಂದೇ ಒಂದು ಗೆರೆ ಇಲ್ಲ. ಈ ಬರಹವನ್ನು ಓದುವಷ್ಟು ಪುರುಸೊತ್ತು ನಿಮಗಿಲ್ಲದಿದ್ದರೆ ಇದೊಂದು ಸಂಗತಿ ತಿಳಿದರೂ ಸಾಕು.

ಅತ್ತಿಗೆಗೆ ಎಷ್ಟೋ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆಯನ್ನು ಬೆಳಗ್ಗೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ತೆಗೆದುಕೊಳ್ಳುತ್ತಾರೆ. ಕೇಂದ್ರದವರು ಕೊಟ್ಟ ಕ್ರಮದಲ್ಲಿ ಬೆಳಗ್ಗೆ ತಿಂಡಿಯ ಬದಲು ಶೇಕ್, ರಾತ್ರಿ ಊಟದ ಬದಲು ಶೇಕ್, ಮಧ್ಯಾಹ್ನ ಮಾತ್ರ ಒಂದು ರೊಟ್ಟಿ, ಪಲ್ಯ. ಹಾಲಿನಲ್ಲಿ ಕಲಸಿದರೆ ಕೊಬ್ಬು ಸೇರುತ್ತದೆ, ನೀರಿನಲ್ಲೇ ಕಲಸಿ ಎಂಬ ಸಲಹೆ ಬೇರೆ. ಮೊದಲ ವಾರದಲ್ಲಿ ಎರಡೂವರೆ ಕಿಲೊ ಇಳಿದಾಗ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಂಜೆ ಹೊತ್ತು ಕೈ ನಡುಗುತ್ತದೆ, ಬೆವರುತ್ತದೆ ಎಂದು ಅತ್ತಿಗೆ ಅದೇ ಗುಂಪಿನಲ್ಲಿ ಬರೆದಿದ್ದರು. ‘ಕೋಚ್’ ಎಂದು ಕರೆಸಿಕೊಳ್ಳುವವರಿಂದ ಬಂದ ಉತ್ತರ ಇದು: ‘ಒಳ್ಳೆಯ ಲಕ್ಷಣ ಮೇಡಂ, ದೇಹದ ವಿಷ ಹೊರಗೆ ಹೋಗುತ್ತಿದೆ. ಮುಂದುವರಿಸಿ.’

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಅಣ್ಣ ಎದ್ದು ನೋಡಿದರೆ ಅತ್ತಿಗೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಂತಿದ್ದಾರೆ. ಕುಪ್ಪಸ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿದೆ. ಏನು ಬೇಕು ಎಂದರೆ, ‘ಹಾಲಿನವನಿಗೆ ದುಡ್ಡು ಕೊಟ್ಟಾಯಿತೇ?’ ಎನ್ನುತ್ತಾರೆ. ಮತ್ತೆ ಕೇಳಿದರೂ ಅದೇ ಮಾತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾರೆ, ಗುರುತು ಹತ್ತಿದಂತಿಲ್ಲ. ಮಗ ಗ್ಲೂಕೋಮೀಟರ್ ತಂದು ಬೆರಳು ಚುಚ್ಚಿದ. 43. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯ ಎನ್ನುತ್ತಾರೆ; 54ಕ್ಕಿಂತ ಕೆಳಗೆ ಹೋದರೆ ಮಿದುಳು ತಡವರಿಸುತ್ತದೆ. ಸಕ್ಕರೆ ನೀರು ಕುಡಿಸಿಕೊಂಡೇ ಆಸ್ಪತ್ರೆಗೆ ಓಡಿದರು.

ಅಲ್ಲಿದ್ದ ಡಾಕ್ಟರು ಶೇಕಿನ ಬಗ್ಗೆ ಕೂಗಾಡಲಿಲ್ಲ. ಮಾತ್ರೆಯ ಪಟ್ಟಿ ಕೇಳಿ ನೋಡಿದರು, ರಾತ್ರಿ ಏನು ತಿಂದಿರಿ ಎಂದು ಕೇಳಿದರು, ಅಷ್ಟಕ್ಕೇ ವಿಷಯ ಅವರಿಗೆ ಅರ್ಥವಾಯಿತು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ. ಊಟ ಬಂತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಎರಡು ರೊಟ್ಟಿ, ಅನ್ನ, ಸಾರು ಬರುತ್ತದೆಂಬ ಲೆಕ್ಕದಲ್ಲಿ ಬರೆದುಕೊಟ್ಟ ಮಾತ್ರೆ ಅದು. ಬಂದದ್ದು ನೀರಿನಲ್ಲಿ ಕಲಸಿದ ಎರಡು ಚಮಚ ಪುಡಿ. ಗ್ಲೂಕೋಸ್ ಕೊಟ್ಟು ಸಕ್ಕರೆ ಏರಿಸಿದ ಮೇಲೂ ಮನೆಗೆ ಕಳಿಸಲಿಲ್ಲ. ಈ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು ಎಂದು ನಿಗಾದಲ್ಲಿ ಇಟ್ಟುಕೊಂಡರು. ಬೆಳಗಿನ ಜಾವ ಒಮ್ಮೆ ಕುಸಿದೂ ಕುಸಿಯಿತು.

ಮಾರನೆಯ ದಿನ ಅಣ್ಣ ಕೇಂದ್ರದವರಿಗೆ ಫೋನ್ ಮಾಡಿದಾಗ ಅವರು ಹಿಂಜರಿಯಲಿಲ್ಲ. ‘ಶೇಕಿನಿಂದ ಸಕ್ಕರೆ ಕಾಯಿಲೆಯೇ ಹೋಗುತ್ತದೆ ಎಂದು ವಿದೇಶದಲ್ಲಿ ಸಾಬೀತಾಗಿದೆ ಸಾರ್’ ಎಂದು ಇಂಗ್ಲಿಷ್ ಸುದ್ದಿಯೊಂದನ್ನು ಕಳಿಸಿದರು. ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು, ಯಾರಾದರೂ ದಾಖಲೆ ತೋರಿಸಿದರೆ ಕೊನೆಯ ಸಾಲಿನವರೆಗೆ ಓದುವುದು ಅಭ್ಯಾಸ. ಅಧ್ಯಯನ ನಿಜವೇ. ‘ಡೈರೆಕ್ಟ್’ ಎಂದು ಅದರ ಹೆಸರು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಟೈಪ್ 2 ಸಕ್ಕರೆ ಕಾಯಿಲೆಯವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 825ರಿಂದ 853 ಕ್ಯಾಲೊರಿಯ ಶೇಕ್ ಮತ್ತು ಸೂಪ್ ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಅವರಲ್ಲಿ ಶೇಕಡಾ 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆಯೇ ಹತೋಟಿಗೆ ಬಂತು. ಎರಡನೆಯ ವರ್ಷಕ್ಕೆ ಆ ಪ್ರಮಾಣ ಶೇಕಡಾ 36ಕ್ಕೆ ಇಳಿಯಿತು. ದೊಡ್ಡ ಸಾಧನೆಯೇ, ಅಲ್ಲಗಳೆಯುವುದಿಲ್ಲ. ಆದರೆ ಕೇಂದ್ರದವರು ಹೇಳದೆ ಬಿಟ್ಟ ಸಾಲು ಒಂದಿದೆ. ಶೇಕ್ ಆರಂಭಿಸಿದ ದಿನವೇ ಅವರೆಲ್ಲರ ಸಕ್ಕರೆ ಮಾತ್ರೆಗಳನ್ನೂ ರಕ್ತದೊತ್ತಡದ ಮಾತ್ರೆಗಳನ್ನೂ ನಿಲ್ಲಿಸಲಾಗಿತ್ತು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಂಡೇ ಇರಲಿಲ್ಲ. ತರಬೇತಾದ ನರ್ಸ್ ಅಥವಾ ಆಹಾರ ತಜ್ಞರು ಉದ್ದಕ್ಕೂ ನೋಡಿಕೊಂಡು, ಆಮೇಲೆ ವಾರಗಟ್ಟಲೆ ಮಾಮೂಲಿ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿಸಿದ್ದರು. ನಮ್ಮಲ್ಲಿ ಶೇಕ್ ಮಾತ್ರ ಬಂತು, ಉಳಿದದ್ದೆಲ್ಲ ಬ್ರಿಟನ್ನಿನಲ್ಲೇ ಉಳಿಯಿತು.

ಹಾಗಾದರೆ ತೂಕ ಇಳಿಯುವುದು ಸುಳ್ಳೇ? ಸುಳ್ಳಲ್ಲ. ಮೊದಲ ವಾರ ಇಳಿಯುವುದರಲ್ಲಿ ಬಹುಪಾಲು ನೀರು. ಲಿವರಿನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಅರ್ಧ ಕಿಲೊದ ಆಸುಪಾಸು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ಬಿಟ್ಟರೆ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ, ಮುಳ್ಳು ಎರಡು ಕಿಲೊ ಕೆಳಗೆ ಬರುತ್ತದೆ, ಗುಂಪಿನಲ್ಲಿ ಚಪ್ಪಾಳೆ ಬೀಳುತ್ತದೆ. ಒಂದು ಕಿಲೊ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆಯಾಗಬೇಕು. ದಿನಕ್ಕೆ 500 ಕಡಿಮೆ ತಿಂದರೆ ಹದಿನೈದು ದಿನ. ಪುಡಿಯಿಂದಾದರೂ ಇಷ್ಟೇ, ಒಂದು ರೊಟ್ಟಿ ಕಡಿಮೆ ತಿಂದರೂ ಇಷ್ಟೇ. ಇಳಿಸುವುದು ಕಡಿಮೆ ಊಟ, ಡಬ್ಬಿಯೊಳಗೆ ಬೇರೆ ಮಾಯೆ ಏನೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ವಾರಕ್ಕೆ ಅರ್ಧ ಕಿಲೊದಷ್ಟು ಇಳಿಸಿದರೆ ಸುರಕ್ಷಿತ ಎಂದೇ.

ಡಬ್ಬಿಯ ಲೆಕ್ಕವನ್ನೂ ಹಾಕಿದೆ. 500 ಗ್ರಾಂ ಪುಡಿಗೆ 2,200 ರೂಪಾಯಿ. ಒಂದು ಹೊತ್ತಿಗೆ 25 ಗ್ರಾಂ, ದಿನಕ್ಕೆ ಎರಡು ಹೊತ್ತು ಎಂದರೆ ಹತ್ತೇ ದಿನಕ್ಕೆ ಡಬ್ಬಿ ಖಾಲಿ. ತಿಂಗಳಿಗೆ 6,600. ಒಂದು ಹೊತ್ತಿನ ಪುಡಿಯಲ್ಲಿ ಇರುವುದು ನೂರು ಕ್ಯಾಲೊರಿಯೊಳಗೆ, ಪ್ರೋಟೀನು ಒಂಬತ್ತು ಗ್ರಾಂ. ಹೆಸರುಕಾಳು ಐವತ್ತು ಗ್ರಾಂ ನೆನೆಸಿ ಉಸಲಿ ಮಾಡಿದರೆ ಪ್ರೋಟೀನು ಹನ್ನೆರಡು ಗ್ರಾಂ ಬರುತ್ತದೆ, ಖರ್ಚು ಆರೇಳು ರೂಪಾಯಿ. ಪುಡಿಯ ಪದಾರ್ಥಗಳ ಪಟ್ಟಿಯಲ್ಲಿ ಸೋಯಾ ಪ್ರೋಟೀನಿನ ಪಕ್ಕದಲ್ಲೇ ಮಾಲ್ಟೋಡೆಕ್ಸ್‌ಟ್ರಿನ್ ಇತ್ತು. ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪದಾರ್ಥ ಅದು. ಊರ ಸುತ್ತಲೂ ಮೆಕ್ಕೆಜೋಳ ಬೆಳೆಯುವ ನಾವು ಅದನ್ನು ಕ್ವಿಂಟಲ್ ಲೆಕ್ಕದಲ್ಲಿ ಮಾರಿ ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ ಎಂದು ಅಂಗಡಿಯಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬರ್ಥದ ಸಾಲು ಇಂಗ್ಲಿಷಿನಲ್ಲಿತ್ತು. ಆರೋಗ್ಯ ಪೂರಕಗಳ ಮೇಲೆ ಈ ಸಾಲು ಇರಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ಹೇಳುತ್ತದೆ. ಕಂಪನಿ ಕಾನೂನು ಪಾಲಿಸಿತ್ತು. ಬಾಯಿಮಾತಿನಲ್ಲಿ ಅದನ್ನೇ ಔಷಧವೆಂದು ಮಾರುವವರಿಗೆ ಲೇಬಲ್ ಎಲ್ಲಿದೆ?

ಇನ್ನೊಂದು ವಿಷಯ ಇದಕ್ಕಿಂತಲೂ ಗಾಬರಿ ಹುಟ್ಟಿಸಿತು. ತೂಕ ಇಳಿಯುವುದು ನಿಂತಾಗ ಕೊಡಲೆಂದು ‘ಗಿಡಮೂಲಿಕೆ’ಯ ಕ್ಯಾಪ್ಸೂಲ್‌ಗಳು ಬಂದಿದ್ದವು. ಬರಿಯ ಪ್ಲಾಸ್ಟಿಕ್ ಚೀಲ, ಹೆಸರಿಲ್ಲ, ತಯಾರಕರ ವಿಳಾಸವಿಲ್ಲ, ಹದಿನಾಲ್ಕು ಅಂಕಿಯ ಲೈಸೆನ್ಸ್ ಸಂಖ್ಯೆಯೂ ಇಲ್ಲ. ಅದೃಷ್ಟಕ್ಕೆ ಅತ್ತಿಗೆ ಇನ್ನೂ ನುಂಗಿರಲಿಲ್ಲ. ಅದರಲ್ಲಿ ಏನಿತ್ತೋ ದೇವರೇ ಬಲ್ಲ. ಆದರೆ ಸಿಬುಟ್ರಮೈನ್ ಎಂಬ ಹಸಿವು ಕೊಲ್ಲುವ ಔಷಧಿಯನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು, ಭಾರತದಲ್ಲೂ ಅದು ನಿಷಿದ್ಧ. ‘ಶುದ್ಧ ಗಿಡಮೂಲಿಕೆ’ ಎಂಬ ಹೆಸರಿನ ಕ್ಯಾಪ್ಸೂಲ್‌ಗಳಲ್ಲಿ ಅದೇ ಔಷಧಿ ಕಲಬೆರಕೆಯಾಗಿ ಸಿಕ್ಕಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈಗಲೂ ಎಚ್ಚರಿಸುತ್ತಲೇ ಇದೆ. ಲೇಬಲ್ ಇಲ್ಲದ ಕ್ಯಾಪ್ಸೂಲನ್ನು ದೇವರ ಪ್ರಸಾದವೆಂದು ಕೊಟ್ಟರೂ ನುಂಗಬೇಡಿ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ಒಂದೆರಡು ಮಾತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ನಮ್ಮ ಬೀದಿಗೆ ಎಷ್ಟು ಮಂದಿ ಬೇಕು? ಸೋಯಾ, ಕ್ಯಾಲ್ಸಿಯಂ, ಕಬ್ಬಿಣ ಸೇರಿದ ಪುಡಿಯನ್ನು ಮಾತ್ರೆಯ ಹಿಂದೆಯೇ ಕುಡಿದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಿಡ್ನಿ ದುರ್ಬಲವಿರುವವರಿಗೆ ಹೆಚ್ಚುವರಿ ಪ್ರೋಟೀನು ಹೊರೆ. ತೂಕ ದಬದಬನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಕೂದಲು ಉದುರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಕಾರಣವೇ ಮರೆತುಹೋಗಿರುತ್ತದೆ. ಅತ್ತಿಗೆಯ ಬಾಚಣಿಗೆಯಲ್ಲಿ ಈಗ ಸಿಗುವ ಕೂದಲು ನೋಡಿದರೆ ಸಂಕಟವಾಗುತ್ತದೆ.

ಹಣದ ಕಥೆ ಚಿಕ್ಕದು. ಸೀಲ್ ಒಡೆಯದ ಡಬ್ಬಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೇಂದ್ರದವರು ಒಪ್ಪಲಿಲ್ಲ. ‘ನೀವೂ ಸದಸ್ಯರಾಗಿ, ನಾಲ್ಕು ಜನರನ್ನು ಸೇರಿಸಿ, ದುಡ್ಡು ತಾನಾಗಿ ಬರುತ್ತದೆ’ ಎಂದರು. ನೇರ ಮಾರಾಟಕ್ಕೆಂದೇ 2021ರಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದಿವೆ. ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಪಿರಮಿಡ್ ಯೋಜನೆ ನಿಷಿದ್ಧ, ದೂರು ಕೇಳುವ ಅಧಿಕಾರಿಯನ್ನು ಕಂಪನಿ ನೇಮಿಸಲೇಬೇಕು. ಈ ನಿಯಮದ ಹೆಸರೆತ್ತಿ ಕಂಪನಿಗೇ ನೇರವಾಗಿ ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟ ಮೇಲೆ ಸೀಲಿದ್ದ ಡಬ್ಬಿಗಳ ಹಣ ಬಂತು. ಒಡೆದದ್ದು ಹೋಯಿತು. ಆಸ್ಪತ್ರೆಯ ಬಿಲ್ಲಿನ ಮಾತು ಎತ್ತಿದಾಗ ಕೋಚ್ ಅತ್ತಿಗೆಯನ್ನು ಗುಂಪಿನಿಂದಲೇ ತೆಗೆದರು. ಬಿಲ್ಲಿನ ಹಣ ಕೇಳಲು ಜಿಲ್ಲಾ ಗ್ರಾಹಕರ ಆಯೋಗದ ದಾರಿ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಅಣ್ಣ ಇನ್ನೂ ಮನಸ್ಸು ಮಾಡಿಲ್ಲ. ಕೋಚ್ ಕೂಡ ಅದೇ ಬೀದಿಯವರು, ಡಬ್ಬಿ ಕೊಳ್ಳಲು ಸಾಲ ಮಾಡಿಕೊಂಡಿದ್ದಾರೆ ಎಂದು ಆಮೇಲೆ ತಿಳಿಯಿತು.

ಶೇಕ್ ವಿಷವಲ್ಲ. ಒಂದು ಹೊತ್ತು ಅಳತೆ ಮಾಡಿ ಕುಡಿಯುವುದರಿಂದ ಕೆಲವರಿಗೆ ತಿನ್ನುವುದರ ಮೇಲೆ ಹಿಡಿತ ಸಿಗುತ್ತದೆ, ಅಲ್ಲಗಳೆಯಲಾರೆ. ಆದರೆ ಈಗಾಗಲೇ ಕುಡಿಯುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಅವರ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಹೆಸರು ಕಂಡರೆ, ಅಥವಾ ಇನ್ಸುಲಿನ್ ನಡೆಯುತ್ತಿದ್ದರೆ, ಇಂದು ಊಟ ಬಿಡುವುದನ್ನು ನಿಲ್ಲಿಸಿ, ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕಂಡು ವಿಷಯ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಹೋಗಬೇಡಿ. ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಸಂಬಂಧವಿಲ್ಲದ ಮಾತು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಪಟ್ಟಿ, ಪುಡಿಯ ಡಬ್ಬಿ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.