ತೋಟಾ ಸಿಗದ ಕೋವಿ ತಲೆಗೆ ಕಟ್ಟುತ್ತಿದ್ದಾರೆ, ಹುಷಾರು

ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ ಕಡೆ ಬೆಳೆ ಕಾಯಲು ಕೋವಿ ಲೈಸನ್ಸ್ ಮಾಡಿಸಿಕೊಂಡವರು, ಅದಕ್ಕಾಗಿ ಡಿಸಿ ಆಫೀಸಿಗೆ ಅಲೆಯುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಳೇ ವಿಲಾಯಿತಿ ಮಾಲು ಅಂತ ಯಾರಾದರೂ 16 ಬೋರ್ ಕೋವಿ ತೋರಿಸಿದರೆ (ಬೋರ್ ಅಂದರೆ ನಳಿಗೆಯ ಅಳತೆ, 12ಕ್ಕಿಂತ 16 ಸಣ್ಣದು) ತೋಟಾ ಕೇಳಿ. ತೋಟಾ ಕೈಗೆ ಕೊಡದಿದ್ದರೆ ಎದ್ದು ಬನ್ನಿ. ಚಹಾ ಕೊಟ್ಟರೂ ಕುಡಿಯಬೇಡಿ.

ನಮ್ಮದು ಹೊಳಲ್ಕೆರೆ ತಾಲ್ಲೂಕು. ಮೆಕ್ಕೆಜೋಳ ತೆನೆಗಟ್ಟಿತು ಅಂದರೆ ಹಂದಿ ಹಿಂಡು ನುಗ್ಗುತ್ತದೆ. ತಿನ್ನುವುದಕ್ಕಿಂತ ಮುರಿದು ಹಾಕುವುದೇ ಜಾಸ್ತಿ. ಇದು ನಿಮಗೆಲ್ಲ ಗೊತ್ತಿರುವ ಕಥೆ. ಬೇಟೆಯ ಮಾತು ಇಲ್ಲಿಲ್ಲ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಇದೆ. ಮೇಲಕ್ಕೆ ಒಂದು ಈಡು ಹಾರಿಸಿ ಹೆದರಿಸಿ ಓಡಿಸಲಿಕ್ಕೆ ಕೋವಿ ಬೇಕಿತ್ತು, ಅಷ್ಟೇ.

ಲೈಸನ್ಸ್ ಕೈಗೆ ಬಂದಮೇಲೆ ಹೊಸ 12 ಬೋರ್ ತೆಗೆದುಕೊಳ್ಳೋಣ ಅಂತಲೇ ಹೋಗಿದ್ದೆ. ಅಂಗಡಿಯ ಹೆಸರು, ಊರು ಹೇಳುವುದಿಲ್ಲ. ಲೈಸನ್ಸ್ ಇರುವ ಅಂಗಡಿಯೇ, ಬಿಲ್ ಕೊಟ್ಟಿದ್ದಾರೆ. ಆ ಮನುಷ್ಯ ಹೊಸ ಕೋವಿ ತೋರಿಸಲೇ ಇಲ್ಲ. ಒಳಗಿಂದ ಹಸಿರು ಬಟ್ಟೆಯಲ್ಲಿ ಸುತ್ತಿದ್ದ ಒಂದು ಜೋಡಿನಳಿಗೆ ತಂದರು. "ಗೌಡ್ರೇ, ಇದು ಬರ್ಮಿಂಗ್‌ಹ್ಯಾಮ್ ಮಾಲು. ಈಗ ಹೊರಗಿಂದ ತರಿಸೋಕೆ ಬಿಡಲ್ಲ. ಇಟ್ಕೊಂಡ್ರೆ ಚಿನ್ನ ಇದ್ದಂಗೆ" ಅಂದರು. ಕೋವಿ ನಿಜವಾಗಿಯೂ ಚೆನ್ನಾಗಿತ್ತು. ಹಗುರ. ಕೆತ್ತನೆ ಕೆಲಸ.

ನಾನು ಕೇಳಿದೆ. ಇದನ್ನು ಒತ್ತಿ ಹೇಳುತ್ತೇನೆ, ಕೇಳಿದೆ. "16 ಬೋರ್ ಅಂತೀರಲ್ಲ, ತೋಟಾ ಸಿಗುತ್ತಾ?" ಅಂತ. "ತೋಟಾ ಚಿಂತೆ ಬಿಡಿ, ನಾನಿಲ್ವಾ" ಅಂದರು. ದುಡ್ಡು ಎಣಿಸುವ ಮುಂಚೆ ಮತ್ತೆ ಕೇಳಿದೆ. ಅದೇ ಮಾತು. ಎರಡು ಕ್ವಿಂಟಾಲ್ ರಾಶಿ ಅಡಿಕೆ ಮಾರಿದ ದುಡ್ಡು ಅಲ್ಲೇ ಹೋಯಿತು. "ಸ್ಟಾಕ್ ಮುಂದಿನ ವಾರ ಬರುತ್ತೆ" ಅಂತ ಹೇಳಿ ಕಳಿಸಿದರು. ಲೈಸನ್ಸ್ ಬುಕ್ಕಿನಲ್ಲಿ 16 ಬೋರ್ ಅಂತ ಏರಿತು. ಒಂದು ಸಲ ಏರಿದರೆ ಮುಗಿಯಿತು, ಬೇರೆ ಬೋರಿನ ತೋಟಾ ಯಾವ ಅಂಗಡಿಯವನೂ ಕೊಡುವಂತಿಲ್ಲ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದಾವಣಗೆರೆಯಲ್ಲಿ ಕೇಳೋಣ ಅಂತ ಹೋದೆ. ಅಲ್ಲಿನ ವಯಸ್ಸಾದ ಯಜಮಾನರು ಕನ್ನಡಕ ಹಾಕಿಕೊಂಡು ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು. "16 ಬೋರಾ? ಇದನ್ನ ಯಾರು ಕೊಟ್ರು ನಿಮಗೆ?" ಅಂತ ಕೇಳಿ ಬುಕ್ಕನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಪಕ್ಕದಲ್ಲಿ 12ರ ತೋಟಾ ಕಟ್ಟಿಸಿಕೊಳ್ಳುತ್ತಿದ್ದವರು ನನ್ನ ಮುಖ ನೋಡಿದರು. ಒಬ್ಬ ನಕ್ಕ. ಆ ಕೌಂಟರ್ ಮುಂದೆ ನಿಂತಿದ್ದು ಇವತ್ತಿಗೂ ಮೈ ಉರಿಸುತ್ತದೆ. ಮಗ ಬೇರೆ ಜೊತೆಗಿದ್ದ. ಯಜಮಾನರು ಒಳ್ಳೆಯವರು, ಕೂರಿಸಿ ಹೇಳಿದರು. "ನಮ್ಮ ಸರ್ಕಾರಿ ಕಾರ್ಖಾನೆ ತೋಟಾ ಅಂದ್ರೆ 12 ಬೋರ್. ಅಂಗಡಿಗೆ ಬರೋದು ಅದೇ. ನಿಮ್ಮದು ಹಳೇ ಸ್ಟಾಕ್ ಯಾರ ಹತ್ರನಾದ್ರೂ ಉಳಿದಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ." ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು ಎಲ್ಲ ಕಡೆ ಫೋನ್ ಮಾಡಿದೆ. ಎಲ್ಲ ಕಡೆ ಇದೇ ಉತ್ತರ.

ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ ಕೇಳಿ. ಮೊದಲು, "ಲಾರಿ ಬಂದಿಲ್ಲ." ಆಮೇಲೆ, "ಬೆಂಗಳೂರಲ್ಲಿ ವಿಚಾರಿಸಿ." ಆಮೇಲೆ, "ನಾನು ಕೋವಿ ಮಾರಿದ್ದು, ತೋಟಾ ಮಾರಿದೀನಾ?" ನಾನಿಲ್ವಾ ಅಂದವರು ಇವರೇ! ನಾನು ಬಿಡದೆ ಕೇಳಿದ್ದಕ್ಕೆ ಕೊನೆಗೆ ದನಿ ತಗ್ಗಿಸಿ, "ಗೌಡ್ರೇ, ತೋಟಾದ ಖಾಲಿ ಹಿತ್ತಾಳೆ ಕೇಸು ಕೊಡ್ತೀನಿ, ಮನೇಲೇ ತುಂಬಿಸ್ಕೊಳ್ಳಿ. ಹಿಂದೆ ಎಲ್ಲ ಹಂಗೇ ಮಾಡ್ತಿದ್ರು" ಅಂದರು.

ಇಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ಖಾಲಿ ಕೇಸು ಒಂದಿದ್ದರೆ ತೋಟಾ ಆಗುವುದಿಲ್ಲ. ಬುಡಕ್ಕೆ ಕೂತು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬೇಕು. ಮದ್ದಿಗೂ ಚರೆಗೂ ನಡುವೆ ಕೂರುವ, ಅದೇ ಬೋರಿಗೆ ಹೊಂದುವ ವಾಡ್ ಬೇಕು. ಚರೆ ಬೇಕು, ಸರಿಯಾದ ಮದ್ದು ಬೇಕು. ಇದರಲ್ಲಿ ಯಾವುದು ನಮಗೆ ಅಂಗಡಿಯಲ್ಲಿ ಸಿಗುತ್ತದೆ? ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ತುಂಬಿದರೆ ಕಾನೂನಿನ ಪ್ರಕಾರ ಅದು ತಯಾರಿಕೆ. ಕೋವಿ ಇಟ್ಟುಕೊಳ್ಳುವ ಲೈಸನ್ಸ್ ಬೇರೆ, ಮದ್ದುಗುಂಡು ತಯಾರಿಸುವ ಲೈಸನ್ಸ್ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ನೋಡಿ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ 7 ವರ್ಷ ಶಿಕ್ಷೆ. ಜೋಳ ಉಳಿಸಲು ಹೋಗಿ ಜೈಲಿಗೆ ಹೋಗಬೇಕಾ? ಅಂಗಡಿ ಇಟ್ಟುಕೊಂಡು ಕೂತಿರುವ ಮನುಷ್ಯ ಬಾಯಿ ಬಿಟ್ಟು ಹೇಳುವ ಮಾತಾ ಇದು?

ಯೂಟ್ಯೂಬ್ ನೋಡುವ ಹುಡುಗರಿಗೂ ಒಂದು ಮಾತು. ಅಮೆರಿಕದಲ್ಲಿ ಬೇಟೆ ರೈಫಲ್ ಆರಿಸುವಾಗ ಯಾವ ಕೇಸು, ಯಾವ ಬುಲೆಟ್ ಸುಲಭವಾಗಿ ಸಿಗುತ್ತದೆ ಅಂತ ಮೊದಲು ನೋಡುತ್ತಾರೆ. .30-06 ಅನ್ನುವ ರೈಫಲ್ ತೋಟಾದ ಕೇಸಿನ ಕುತ್ತಿಗೆ ಸಣ್ಣ ಮಾಡಿ .270 ಅನ್ನುವ ಇನ್ನೊಂದು ಅಳತೆಯ ತೋಟಾ ಮಾಡಿಕೊಳ್ಳುತ್ತಾರೆ. .308ಕ್ಕೂ .30-06ಕ್ಕೂ ಬುಲೆಟ್ ದಪ್ಪ ಒಂದೇ. ಅಲ್ಲಿ ಅದು ನಡೆಯುತ್ತದೆ. ಅಲ್ಲೂ 2020-21ರಲ್ಲಿ ಪ್ರೈಮರ್ ಸಿಗದೆ ಜನ ಪರದಾಡಿದರು. ನಮ್ಮಲ್ಲಿ ಆ ದಾರಿಯೇ ಇಲ್ಲ. ಇಲ್ಲಿ ದೊಡ್ಡ ರೈಫಲ್ ಅಂದರೆ ಮುಖ್ಯವಾಗಿ ನಮ್ಮ ಸರ್ಕಾರಿ ಕಾರ್ಖಾನೆಗಳು ತೋಟಾ ಮಾಡುವ .315, .30-06. ಬ್ರಿಟಿಷರ ಕಾಲದಲ್ಲಿ .303 ಸೇನೆಯ ತೋಟಾ, ಜನರ ಕೈಗೆ ಬೇಡ ಅಂತಲೇ ಇಲ್ಲಿ .315 ಬೆಳೆದದ್ದು. ಹಳೇ ದೊಡ್ಡ ಮನೆಗಳಿಂದ ಹೊರಬೀಳುವ .275, .375 ಅಂತ ಯಾರಾದರೂ ಆಸೆ ತೋರಿಸಿದರೆ ತೋಟಾ ಹೊರದೇಶದಿಂದ ಬರಬೇಕು, ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ನನ್ನ ವ್ಯಾಪಾರಿ ಇಷ್ಟಕ್ಕೇ ನಿಲ್ಲಿಸಲಿಲ್ಲ. "ತೋಟಾ ಕೂರುವ ಚೇಂಬರ್ ಕೊರೆಸಿ 12 ಬೋರ್ ಮಾಡಿಸಿಬಿಡಿ, ನಮ್ಮ ಕಡೆ ಮೇಸ್ತ್ರಿ ಇದ್ದಾನೆ" ಅಂದರು! ಅವತ್ತು ರಾತ್ರಿ ನಳಿಗೆಯ ಕೆಳಗಿನ ಮರದ ಹಿಡಿ ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದು ನಳಿಗೆಯ ತಳ ನೋಡಿದೆ. ಸವೆದುಹೋದ ಪುಟ್ಟ ವಜ್ರದ ಆಕಾರದ ಗುರುತು, ಅದರೊಳಗೆ 16, ಕೆಳಗೆ ಸಿ ಅಕ್ಷರ. ಪಕ್ಕದಲ್ಲಿ 2½. ಅಂದರೆ ಎರಡೂವರೆ ಇಂಚಿನ, 65 ಮಿಲಿಮೀಟರ್ ತೋಟಾಕ್ಕೆ ಮಾತ್ರ ಮಾಡಿದ ಕೋವಿ. ನೈಟ್ರೋ ಮದ್ದಿಗೆ, ಅಂದರೆ ಈಗಿನ ಹೊಗೆಯಿಲ್ಲದ ಮದ್ದಿಗೆ, ಪರೀಕ್ಷೆ ಆದ ಗುರುತು ಎಲ್ಲೂ ಇಲ್ಲ. 16 ಬೋರ್ ನಳಿಗೆ ಒಳಗೆ ಹೆಚ್ಚುಕಡಿಮೆ 17 ಮಿಲಿಮೀಟರ್, 12ರದ್ದು ಹದಿನೆಂಟೂವರೆ. ಅಷ್ಟು ಕಬ್ಬಿಣ ಒಳಗಿಂದ ಕೊರೆದರೆ ಗೋಡೆ ಎಷ್ಟು ಉಳಿಯುತ್ತದೆ? ಆ ನಳಿಗೆಯ ಮೇಲೆ ನನ್ನ ಎಡಗೈ ಇರುತ್ತದೆ, ಪಕ್ಕದಲ್ಲಿ ಬ್ಯಾಟರಿ ಹಿಡಿದು ಮಗ ನಿಂತಿರುತ್ತಾನೆ.

ಹಳೇ 12 ಬೋರ್ ಕೊಳ್ಳುವವರೂ ಈ ಗುರುತು ನೋಡಿಯೇ ದುಡ್ಡು ಕೊಡಿ. ಬಾಯಿ ಮಡಿಚಿರುವ 70 ಮಿಲಿಮೀಟರ್ ತೋಟಾ 65 ಮಿಲಿಮೀಟರ್ ಚೇಂಬರಿನೊಳಗೆ ಸಲೀಸಾಗಿ ಕೂತುಬಿಡುತ್ತದೆ. ಸರಿಹೋಯಿತು ಅನ್ನಿಸುತ್ತದೆ. ಈಡು ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ನನಗಂತೂ ಹೇಳಲಿಲ್ಲ.

ಕೋವಿ ವಾಪಸ್ ತಗೊಳ್ಳಿ ಅಂದೆ. "ಬುಕ್ಕಿಗೆ ಏರಿದ ಮೇಲೆ ವಾಪಸ್ಸಿಲ್ಲ, ಬೇಕಾದ್ರೆ ಅರ್ಧ ರೇಟಿಗೆ ನೋಡೋಣ" ಅಂದರು. ಅದೇ ಬರ್ಮಿಂಗ್‌ಹ್ಯಾಮ್ ಕೋವಿ, ಅದೇ ಚಿನ್ನ, ನನ್ನ ಕೈಯಿಂದ ಹೋಗುವಾಗ ಅರ್ಧ ರೇಟು! ಈಗ ಫೋನ್ ಎತ್ತುವುದಿಲ್ಲ. ಈ ಕಡೆ ಹಂದಿ ಬರುತ್ತಲೇ ಇವೆ. ನಾವು ತಗಡು ಬಡಿದು ಓಡಿಸುತ್ತಿದ್ದೇವೆ.

ಕೋವಿ ಕೊಳ್ಳುವ ಮುಂಚೆ ನಿಮ್ಮ ಹತ್ತಿರದ ಅಂಗಡಿಗೆ ಹೋಗಿ, ಈ ಬೋರಿನ ತೋಟಾ ಇವತ್ತು ನಿಮ್ಮ ಹತ್ರ ಇದೆಯಾ ಅಂತ ಕೇಳಿ. ಬರುತ್ತೆ ಅಂದರೆ ಇಲ್ಲ ಅಂತಲೇ ಅರ್ಥ. ಮಾರುವವರು ಕೊಟ್ಟ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾನು ಪೋಸ್ಟಿನಲ್ಲಿ ಮಾರಿದವರಿಗೆ ಪತ್ರ ಹಾಕಿದ್ದೇನೆ, ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಯಲ್ಲಿ ಹೀಗೇ 16 ಬೋರ್ ಹೊತ್ತುಕೊಂಡು ಕೂತವರು ಇನ್ನೂ ಇರಬೇಕು. ಬಿಲ್ಲು ಜೋಪಾನವಾಗಿ ಇಟ್ಟುಕೊಂಡು ನನಗೆ ತಿಳಿಸಿ, ಜೊತೆಗೇ ದೂರು ಕೊಡೋಣ.