ವಾಟರ್‌ಮೇಕರ್‌ಗೆ ಆಟೋಮ್ಯಾಟಿಕ್ ಕಂಟ್ರೋಲ್ ಕಿಟ್: ಹಾಕಿಸುವುದು ಲಾಭವೇ?

ಸಮುದ್ರದ ನೀರನ್ನು ಮೆಂಬ್ರೇನ್ (ಉಪ್ಪನ್ನು ತಡೆಯುವ ತೆಳುಪೊರೆ) ಮೂಲಕ ಒತ್ತಿ ಸಿಹಿನೀರು ಮಾಡುವ ದೋಣಿಯ ವಾಟರ್‌ಮೇಕರ್‌ಗೆ ಸುಮಾರು 800 ಪಿಎಸ್‌ಐ ಒತ್ತಡ ಬೇಕು. ಮೋಟಾರ್ ವಾಲ್ವ್ ಇರುವ ಕಿಟ್ ಅದನ್ನು ತಾನೇ ಕಾಯ್ದುಕೊಳ್ಳುತ್ತದೆ, ಗೇಜ್ ಮುಂದೆ ನಿಲ್ಲಬೇಕಿಲ್ಲ. ಆದರೂ ಇದರ ದೊಡ್ಡ ಉಪಕಾರ ಇರುವುದು ಆಟೋ ಫ್ಲಶ್‌ನಲ್ಲಿ, ಅಂದರೆ ಸಿಹಿನೀರು ಹಾಯಿಸಿ ತಾನೇ ತೊಳೆಯುವುದರಲ್ಲಿ. ಮೆಂಬ್ರೇನ್ ಹಾಳಾಗುವುದು ಹೆಚ್ಚಾಗಿ ಉಪ್ಪುನೀರು ಒಳಗೇ ನಿಂತು ಸೂಕ್ಷ್ಮಜೀವಿಗಳು ಬೆಳೆಯುವುದರಿಂದ. ಐದಾರು ದಿನಕ್ಕೊಮ್ಮೆ ಸಿಹಿನೀರು ಹಾಯಿಸಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಫ್ಲಶ್ ಲೈನಿನಲ್ಲಿ ಕಾರ್ಬನ್ ಫಿಲ್ಟರ್ ಇರಲೇಬೇಕು. ಟ್ಯಾಂಕ್ ನೀರಿನ ಕ್ಲೋರಿನ್ ಮೆಂಬ್ರೇನನ್ನು ಸುಟ್ಟುಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಟ್ಯಾಂಕ್ ಖಾಲಿಯಿದ್ದರೆ ಫ್ಲಶ್ ನಡೆಯದು, ಆದ್ದರಿಂದ ಅಲಾರಂ ಇಲ್ಲದ ಕಿಟ್ ಬೇಡವೇ ಬೇಡ.

ಲವಣಾಂಶ 500 ಪಿಪಿಎಂ ದಾಟಿದರೆ ನೀರನ್ನು ಹೊರಹಾಕುವ ವಾಲ್ವ್ ಮೂರು ದಾರಿಯದ್ದೇ ಆಗಿರಲಿ. ಎರಡು ಪ್ರತ್ಯೇಕ ವಾಲ್ವ್ ಹಾಕಿ ಎರಡೂ ಮುಚ್ಚಿಕೊಂಡರೆ ಸಿಹಿನೀರಿನ ಕಡೆ ಒತ್ತಡ ಏರಿ ಮೆಂಬ್ರೇನ್ ಹರಿದೀತು. ಕರೆಂಟ್ ಹೋದಾಗ ಈ ಮೂರು ದಾರಿಯ ವಾಲ್ವ್ ಹೊರದಾರಿಗೇ ತೆರೆದುಕೊಳ್ಳಬೇಕು. ಲವಣಾಂಶ ಅಳೆಯುವ ಪ್ರೋಬ್‌ಗೆ ಕೊಳೆ ಹಿಡಿದರೆ ರೀಡಿಂಗ್ ಸುಳ್ಳಾಗುತ್ತದೆ. ಆಗಾಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಮೀಟರ್ ಹಿಡಿದು ತಾಳೆ ನೋಡಿ.

ಕೈಯಿಂದ ಒತ್ತಡ ಹೊಂದಿಸುವ ಹಳೆಯ ನೀಡಲ್ ವಾಲ್ವನ್ನೂ ಗೇಜನ್ನೂ ಬಿಚ್ಚಿಸಬೇಡಿ. ಕಿಟ್‌ನ ಕಂಟ್ರೋಲ್ ಬೋರ್ಡ್ ಕೈಕೊಟ್ಟ ದಿನ ನೀರು ಮಾಡಿಕೊಡುವುದು ಅವೇ.