ಹೊರಗಿನ ಪಾದೆಗೆ ಹೋಗಬೇಡಿ: ಕಡಲತೀರದಲ್ಲಿ ಹಕ್ಕಿ ಫೋಟೊ ತೆಗೆಯುವವರಿಗೆ ಎಚ್ಚರಿಕೆ

ಉಡುಪಿ ಕಡೆಯ ಒಂದು ಕಲ್ಲುತೀರದಲ್ಲಿ ಆದದ್ದು ಇದು. ಇಬ್ಬರು ಛಾಯಾಗ್ರಾಹಕರು ಇಳಿತದ ಹೊತ್ತಿಗೆ ಹೊರಗಿನ ಪಾದೆಗೆ, ಅಂದರೆ ಕಡಲ ಬದಿಯ ಬಂಡೆಗೆ, ನಡೆದುಕೊಂಡೇ ಹೋದರು. ನಡುವಿನ ತಗ್ಗಿನಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಟರ್ನ್‌ಸ್ಟೋನ್ ಹಕ್ಕಿಗಳು ಹತ್ತಿರದಲ್ಲೇ ಕಲ್ಲು ಮಗುಚಿ ಹುಳ ಹೆಕ್ಕುತ್ತಿದ್ದವು. ಇಬ್ಬರಿಗೂ ವ್ಯೂಫೈಂಡರ್‌ನಿಂದ ಕಣ್ಣು ತೆಗೆಯಲಾಗಲಿಲ್ಲ. ಹಿಂದಿರುಗಿ ನೋಡಿದಾಗ ಅದೇ ತಗ್ಗಿನಲ್ಲಿ ಸೊಂಟಮಟ್ಟದ ನೀರು, ಜೊತೆಗೆ ಸೆಳೆತ. ಒಬ್ಬರ ಕ್ಯಾಮೆರಾ, ಲೆನ್ಸ್ ಎರಡೂ ಟ್ರೈಪಾಡ್ ಸಮೇತ ನೀರುಪಾಲಾದವು. ಇನ್ನೊಬ್ಬರು ಜಾರಿ ಚಿಪ್ಪಿನ ಮೇಲೆ ಕೈಯೂರಿ ಅಂಗೈ ಸೀಳಿಸಿಕೊಂಡರು. ಅಲ್ಲೇ ಗಾಳ ಹಾಕುತ್ತಿದ್ದವರು ಹಗ್ಗ ಎಸೆದದ್ದರಿಂದ ಇಬ್ಬರೂ ಬದುಕಿದರು.

ನಮ್ಮ ಕರಾವಳಿಯಲ್ಲಿ ಉಬ್ಬರ ದೊಡ್ಡದಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲೂ ಏರಿಳಿತದ ಅಂತರ ಸುಮಾರು ಒಂದೂವರೆ ಮೀಟರ್. ಅದಕ್ಕೇ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಏರಿದ್ದೇ ಗೊತ್ತಾಗುವುದಿಲ್ಲ. ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಒಟ್ಟು ಏರಿಕೆಯ ಹೆಚ್ಚುಕಡಿಮೆ ಅರ್ಧ ಬಂದುಬಿಡುತ್ತದೆ. ಮೊದಲು ತುಂಬುವುದು ನೀವು ದಾಟಿ ಬಂದ ತಗ್ಗು. ನೀವು ನಿಂತ ಪಾದೆ ಆಗಲೂ ಒಣಗಿಯೇ ಇರುತ್ತದೆ, ಮೋಸ ಹೋಗುವುದು ಅಲ್ಲಿಯೇ.

ಇನ್ನೊಂದು ವಿಷಯ ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ಇಲ್ಲಿ ದಿನದ ಎರಡು ಇಳಿತಗಳು ಸಮ ಇರುವುದಿಲ್ಲ. ಬೆಳಗಿನ ಇಳಿತದಲ್ಲಿ ನಡೆದು ದಾಟಿದ ಜಾಗ ಸಂಜೆಯ ಇಳಿತದಲ್ಲಿ ಮೊಣಕಾಲಿನವರೆಗೆ ಮುಳುಗಿರಬಹುದು. ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆಯ ಲೆಕ್ಕ ಹಿಡಿದು ಇವತ್ತು ಇಳಿಯಬೇಡಿ. ಹತ್ತಿರದ ಬಂದರಿನ ಆ ದಿನದ ಉಬ್ಬರವಿಳಿತದ ಪಟ್ಟಿಯಲ್ಲಿ ಸಮಯದ ಜೊತೆಗೆ ಎತ್ತರವನ್ನೂ ನೋಡಿ.

ನಿಜ ಹೇಳಬೇಕೆಂದರೆ ಫೋಟೊಗೆ ಇಳಿತದ ಹೊತ್ತು ಒಳ್ಳೆಯದೇ ಅಲ್ಲ. ಆಗ ಹಕ್ಕಿಗಳು ಉದ್ದಕ್ಕೂ ಚದುರಿ ಮೇಯುತ್ತಿರುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ದಡಕ್ಕೆ ಅಂಟಿದ ಎತ್ತರದ ಬಂಡೆಯ ಮೇಲೆ, ದಡದ ಬದಿಗೆ ಕೂತುಬಿಡಿ. ನೀರೇ ಸ್ಯಾಂಡ್ ಪ್ಲವರ್, ವಿಂಬ್ರೆಲ್ ಹಕ್ಕಿಗಳನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಕೂರುವ ಜಾಗವನ್ನು ಬಂಡೆಯೇ ತೋರಿಸುತ್ತದೆ. ಪಾಚಿ, ಚಿಪ್ಪು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೆ ನೀರು ದಿನವೂ ಮುಟ್ಟುತ್ತದೆ. ಅದರ ಮೇಲೂ ಬಂಡೆ ಒದ್ದೆಯಿದ್ದರೆ ಅಲೆ ಅಲ್ಲಿಗೂ ಹಾರುತ್ತಿದೆ ಎಂದರ್ಥ. ಒಣ ಕಲ್ಲು ಶುರುವಾದ ಮೇಲೆ ಇನ್ನೂ ಒಂದಾಳೆತ್ತರ ಬಿಟ್ಟು ಕೂರಿ. ಕೂರುವ ಮೊದಲು ಕಾಲು ಗಂಟೆ ಅಲೆಗಳನ್ನು ಗಮನಿಸಿ, ಏಕೆಂದರೆ ದೊಡ್ಡ ಅಲೆಗಳು ಗುಂಪಾಗಿ, ಬಿಡುವು ಕೊಟ್ಟು ಬರುತ್ತವೆ. ಆಕಾಶ ತಿಳಿಯಾಗಿದ್ದು ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಿಂದ ಹೊರಟ ಅಲೆಗಳು ತೀರಕ್ಕೆ ಅಪ್ಪಳಿಸುವುದುಂಟು. ಹೈದರಾಬಾದಿನ ಇನ್‌ಕಾಯಿಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ, ಹೊರಡುವ ಮೊದಲು ನೋಡಿ. ಮಂಗಳೂರು ಬಳಿಯ ಸೋಮೇಶ್ವರದ ರುದ್ರಪಾದೆಯಂಥ ಕಡೆ, ಎಚ್ಚರಿಕೆ ಫಲಕವಿರುವ ಬಂಡೆಗಳಿಗೆ ಕ್ಯಾಮೆರಾ ಹಿಡಿದು ಹತ್ತುವ ಮಾತೇ ಬೇಡ.

ಹಕ್ಕಿಗಳ ಪಾಡನ್ನೂ ನೋಡಬೇಕು. ಉಬ್ಬರದಲ್ಲಿ ಅವಕ್ಕೆ ಉಳಿಯುವುದು ನಾಲ್ಕಾರು ಒಣ ಪಾದೆಗಳು ಮಾತ್ರ. ವಿಂಬ್ರೆಲ್ ತಲೆಯೆತ್ತಿ ಮೇವು ನಿಲ್ಲಿಸಿತೆಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಅದು ಕೂಗಿ ಹಾರಿದರೆ ಉಳಿದವೂ ಜೊತೆಗೇ ಹಾರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಂತೂ ಅವು ಉತ್ತರಕ್ಕೆ ಮರಳಲು ಮೈಯಲ್ಲಿ ಕೊಬ್ಬು ಕೂಡಿಸುತ್ತಿರುತ್ತವೆ. ಹಾರುವ ಚಿತ್ರಕ್ಕಾಗಿ ಬೇಕೆಂದೇ ಎಬ್ಬಿಸುವುದು ಅನ್ಯಾಯ. ತಾವಾಗಿ ಹಾರುವಾಗ 1/2000 ಸೆಕೆಂಡಿನ ಶಟರ್ ಸಾಕು. ಕಪ್ಪು ಒದ್ದೆ ಕಲ್ಲಿನ ಮೇಲೆ ಬಿಳಿ ಬೆಳ್ಳಕ್ಕಿ ಕೂತರೆ ಎಕ್ಸ್‌ಪೋಶರ್ ಮೈನಸ್ 1ರ ಸುತ್ತ ಇಳಿಸಿ, ಇಲ್ಲದಿದ್ದರೆ ಗರಿಯ ಗೆರೆಯೊಂದೂ ಉಳಿಯುವುದಿಲ್ಲ.

ಕ್ಯಾಮೆರಾ ಉಪ್ಪುನೀರಿಗೆ ಬಿದ್ದರೆ ಆನ್ ಮಾಡಿ ಪರೀಕ್ಷಿಸಬೇಡಿ. ಕೂಡಲೇ ಬ್ಯಾಟರಿ, ಕಾರ್ಡ್ ತೆಗೆಯಿರಿ, ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ ಅದೇ ದಿನ ರಿಪೇರಿಗೆ ಕೊಡಿ. ಉಪ್ಪು ಒಳಗೇ ಒಣಗಿದರೆ ಸರ್ಕಿಟ್ ತುಕ್ಕು ಹಿಡಿಯುತ್ತದೆ. ಟ್ರೈಪಾಡನ್ನು ನೀರಲ್ಲಿ ಇಡಲೇಬೇಕಾದರೆ ತೀರಾ ಕೆಳಗಿನ ಸಣ್ಣ ಕೊಳವೆಯನ್ನು ಮೊದಲು ಎಳೆಯಿರಿ, ಲಾಕ್‌ಗಳು ನೀರಿನ ಮೇಲೆ ಉಳಿಯುತ್ತವೆ. ಚಿಪ್ಪಿನ ಗಾಯ ಸಣ್ಣದೆಂದು ಬಿಡಬೇಡಿ, ಸೋಪು ಹಾಕಿ ಸಿಹಿನೀರಲ್ಲಿ ತೊಳೆದು, ಅದು ಕೆಂಪಾಗಿ ಊದಿದರೆ ಅಂದೇ ವೈದ್ಯರಿಗೆ ತೋರಿಸಿ. ಪಾದೆಯ ಮೇಲೆ ಸಿಕ್ಕಿಬಿದ್ದಾಗ ಈಜಲು ಇಳಿಯದೆ ಎತ್ತರದ ಜಾಗ ಹಿಡಿದು 112ಕ್ಕೆ ಕರೆ ಮಾಡಿ. ಫೋನನ್ನು ಬ್ಯಾಗಿನಲ್ಲಿಡದೆ ಜಲನಿರೋಧಕ ಕವರಿನಲ್ಲಿ ಕೊರಳಿಗೆ ಹಾಕಿಕೊಂಡಿರಿ.